ಎಲ್ಲರಿಗೂ ಒಂದೇ ಜೋಡಿ ಕಣ್ಣು

ನಮ್ಮ ಕಡೆ ಸತ್ತ ಹೆಂಗಸರೆಲ್ಲ ಒಂದೇ ಜೋಡಿ ಕಣ್ಣಿನಿಂದ ನೋಡುತ್ತಾರೆ. ಹೆಚ್ಚಾಯಿತು ಅನ್ನಿಸಿದರೆ ಹಗರಿಬೊಮ್ಮನಹಳ್ಳಿಯಿಂದ ಕೂಡ್ಲಿಗಿವರೆಗೆ ಬಸ್ಸು ಎಲ್ಲಿ ನಿಲ್ಲುತ್ತದೋ ಅಲ್ಲಿ ಇಳಿದು, ನಾಲ್ಕು ಮನೆಯ ಪಡಸಾಲೆಗೆ ಹೋಗಿ, ಗೋಡೆ ನೋಡಿ ಬನ್ನಿ. ಹಾರ ಹಾಕಿದ ಅಜ್ಜಿ, ವಿಭೂತಿ ಹಚ್ಚಿದ ಚಿಗವ್ವ, ಬಾಣಂತನದಲ್ಲಿ ತೀರಿಕೊಂಡ ಸೊಸೆ. ಮೂಗು ಬೇರೆ, ಗದ್ದ ಬೇರೆ, ಜಾತಿ ಬೇರೆ, ವಯಸ್ಸು ಬೇರೆ. ಕಣ್ಣು ಮಾತ್ರ ಅವೇ. ಕಾಡಿಗೆ ಹಚ್ಚಿದ, ತುಸು ಬಲಕ್ಕೆ ತಿರುಗಿದ, ಯಾವುದೋ ಸೀರೆ ಅಂಗಡಿಯ ಕ್ಯಾಲೆಂಡರಿನ ಹುಡುಗಿಯಿಂದ ಕತ್ತರಿಸಿಕೊಂಡ ಕಣ್ಣು. ಇಷ್ಟು ಖಾತ್ರಿಯಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಅವನ್ನು ನಾನೂ ಅಂಟಿಸಿದ್ದೇನೆ.

ಹೇಗೆಂದು ಹೇಳಿಬಿಡುತ್ತೇನೆ. ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸುವುದು ನಮ್ಮಲ್ಲಿ ಹಲವು ಮನೆತನಗಳ ಪದ್ಧತಿ. ಹೊಸ ಸೀರೆ ಉಡಿಸಿ, ಹಣೆ ತುಂಬ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕುತ್ತಾರೆ. ಬದುಕಿರುವಷ್ಟು ಕಾಲ ಆಕೆಯನ್ನು ನಿಲ್ಲಿಸಿ ಒಂದು ಫೋಟೊ ತೆಗೆಯದ ಮಕ್ಕಳು ಆಗ ಸಾಲಾಗಿ ಮೊಬೈಲು ಹೊರಗೆ ತೆಗೆಯುತ್ತಾರೆ. ಆಮೇಲೆ ಗೋಡೆಗೆ ಹಾಕಲು ಫೋಟೊ ಬೇಕಾದಾಗ ಮನೆಯಲ್ಲಿ ಇರುವುದು ಎರಡೇ. ಒಂದು, ಆಧಾರ್ ಕಾರ್ಡಿನದು. ಅದರಲ್ಲಿ ಮುಖ ಯಾವುದು ಮಸಿ ಯಾವುದು ಅಂತ ಕಾರ್ಡು ಕೊಟ್ಟವರಿಗೂ ಗೊತ್ತಾಗುವುದಿಲ್ಲ. ಇನ್ನೊಂದು, ಗೋಡೆಗೆ ಒರಗಿಸಿ ಕೂರಿಸಿದಾಗ ತೆಗೆದದ್ದು. ಸ್ಪಷ್ಟವಾಗಿರುತ್ತದೆ, ಬೆಳಕೂ ಚೆನ್ನಾಗಿರುತ್ತದೆ, ಕಣ್ಣು ಮಾತ್ರ ಮುಚ್ಚಿರುತ್ತದೆ. ಅದನ್ನು ಹಿಡಿದುಕೊಂಡು ಸ್ಟುಡಿಯೊಕ್ಕೆ ಬರುತ್ತಾರೆ. "ಕಣ್ಣು ತೆರಸಿ ಕೊಡ್ರಿ" ಅನ್ನುತ್ತಾರೆ, ಪಂಚರ್ ಹಾಕಿ ಕೊಡ್ರಿ ಅನ್ನುವಷ್ಟೇ ಸಲೀಸಾಗಿ.

ನಾನು ಅಂಥದೊಂದು ಸ್ಟುಡಿಯೊಕ್ಕೆ ಹೋದದ್ದು ಕಣ್ಣು ಅಂಟಿಸಲಿಕ್ಕಲ್ಲ, ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದನ್ನು ಕಲಿಯಲಿಕ್ಕೆ. ಡಿಗ್ರಿ ಮುಗಿದಿತ್ತು. ಗಳಿಸಿದ್ದೆಂದರೆ ಚರ್ಚಾಸ್ಪರ್ಧೆಯ ಒಂದಷ್ಟು ಪ್ಲಾಸ್ಟಿಕ್ ಕಪ್ಪುಗಳು, ಅವುಗಳ ಬಂಗಾರದ ಬಣ್ಣ ಆಗಲೇ ಉದುರುತ್ತಿತ್ತು. ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಎಲ್ಲಿ ಮೈಕು ನಿಲ್ಲಿಸಿದರೂ ಅದರ ಮುಂದೆ ಹೋಗಿ ನಾನು ನಿಲ್ಲುತ್ತಿದ್ದೆ. ತಂತ್ರಜ್ಞಾನ ವರವೋ ಶಾಪವೋ ಅಂತ ಪ್ರತಿ ವರ್ಷವೂ ಕೇಳುತ್ತಿದ್ದರು. ಒಂದು ವರ್ಷ ವರ ಅಂದು ಮೊದಲ ಬಹುಮಾನ ತಂದೆ, ಮರುವರ್ಷ ಶಾಪ ಅಂದು ಮೊದಲ ಬಹುಮಾನ ತಂದೆ. ಎರಡೂ ಸಲ ತೀರ್ಪುಗಾರರು ಅವರೇ, ಚಪ್ಪಾಳೆಯೂ ಅವರದೇ. ಒಬ್ಬರಾದರೂ "ಏನವ್ವಾ, ಹೋದ ವರ್ಷ ಬೇರೆ ಹೇಳಿದ್ದಿ" ಅನ್ನಲಿಲ್ಲ. ವಾದದ ಮೇಲೆ ನನಗಿದ್ದ ಮರ್ಯಾದೆ ಅವತ್ತೇ ಅರ್ಧ ಹೋಯಿತು. ಉಳಿದ ಅರ್ಧವನ್ನು ಇಟ್ಟುಕೊಂಡು ಕಂಡಕಂಡವರ ಜೊತೆ ಜಗಳ ಕಾಯುತ್ತಿದ್ದೆ.

ಮೊದಲು ಮೊಬೈಲಿನಲ್ಲೇ ಕಲಿಯಲು ನೋಡಿದೆ. ಅಲ್ಲಿನ ವಿಡಿಯೊ ಗುರುಗಳ ಬಗ್ಗೆ ಹೇಳಬೇಕು. "ಹಾಯ್ ಫ್ರೆಂಡ್ಸ್, ಐದೇ ನಿಮಿಷದಲ್ಲಿ ನೀವೂ ಕಲಾವಿದರಾಗಬಹುದು" ಅನ್ನುತ್ತಾನೆ. ಎರಡು ನಿಮಿಷ ತನ್ನ ಚಾನೆಲ್ಲಿನ ಗಂಟೆ ಗುರುತು ಒತ್ತಿ ಅಂತ ಬೇಡುತ್ತಾನೆ, ಇನ್ನೆರಡು ನಿಮಿಷ ತನ್ನ ಕೋರ್ಸು ಮಾರುತ್ತಾನೆ. ಉಳಿದ ಒಂದು ನಿಮಿಷದಲ್ಲಿ ತಾನು ಮೊದಲೇ ಬರೆದಿಟ್ಟ ಚಿತ್ರಕ್ಕೆ ಬಣ್ಣ ತುಂಬುತ್ತಾನೆ. ಕಂಪ್ಯೂಟರಿನ ಪೆನ್ನು ಇಲ್ಲದವರಿಗೆ ಮೌಸೇ ಸಾಕು ಅಂತ ಧೈರ್ಯ ಹೇಳುತ್ತಾನೆ, ತಾನು ಮಾತ್ರ ಮೌಸು ಮುಟ್ಟುವುದಿಲ್ಲ. ಅವನ ಮಾತು ನಂಬಿ, ಸೈಬರ್ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು ಮೌಸಿನಿಂದ ನಮ್ಮವ್ವನ ಮುಖ ಬರೆಯಲು ಹೋಗಿ ಒಂದು ಸೋರೇಕಾಯಿ ಬರೆದೆ. ಅದೂ ಕೆಟ್ಟ ಸೋರೇಕಾಯಿ.

ಆಮೇಲೆ ನಮ್ಮ ದೊಡ್ಡಪ್ಪನ ಮಗಳು ಬೇಡವೆಂದು ಬಿಟ್ಟಿದ್ದ ಒಂದು ಕಪ್ಪು ಹಲಗೆ ನನ್ನ ಕೈಗೆ ಬಂತು. ತಂತಿ ಸಿಕ್ಕಿಸಿದರೆ, ಅದರ ಮೇಲೆ ಪೆನ್ನಿನಿಂದ ಎಳೆದ ಗೆರೆ ಪರದೆಯಲ್ಲಿ ಮೂಡುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಹಲಗೆ ಬಗಲಲ್ಲಿ ಇಟ್ಟುಕೊಂಡು ಸ್ಟುಡಿಯೊಕ್ಕೆ ಹೋದೆ.

ಮಾಲೀಕರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಏನಿದು, ರೊಟ್ಟಿ ಹಲಗಿ?"

"ಚಿತ್ರ ಬರಿಯಾಕ ಸರ. ನಿಮ್ಮ ಸಾಫ್ಟ್‌ವೇರಿನಾಗ ಕಲೀತೀನಿ. ಬ್ಯಾರೆ ಕೆಲಸಾನೂ ಮಾಡಿಕೊಡ್ತೀನಿ."

"ಬರಿಯೋದ್ಯಾಕ? ಎಲ್ಲಾ ಐತಲ್ಲ."

ತೋರಿಸಿದರು. ನಿಜವಾಗಿಯೂ ಎಲ್ಲಾ ಇತ್ತು. ಸೂಟು ಹಾಕಿದ ಗಂಡಸು, ತಲೆ ಇಲ್ಲ. ರೇಷ್ಮೆ ಸೀರೆ ಉಟ್ಟು ಕೈಮುಗಿದ ಹೆಂಗಸು, ತಲೆ ಇಲ್ಲ. ಕಂಬಳಿ ಹೊದ್ದ ಯಜಮಾನ, ತಲೆ ಇಲ್ಲ. ಬದುಕಿದ್ದಾಗ ಕುರಿ ಹಿಂದೆ ಬರಿಗಾಲಲ್ಲಿ ತಿರುಗಿದವನು ಸತ್ತ ಮೇಲೆ ಈ ಸೂಟಿನೊಳಗೆ ಹೋಗುತ್ತಾನೆ. ಮಾಲೀಕರ ಕಲೆ ಎಂದರೆ ಅಷ್ಟೇ, ಕತ್ತಿಗೆ ತಲೆ ಕೂರಿಸಿ, ಸುತ್ತ ಹೊಳಪು ಬಿಟ್ಟು, ಹಿಂದೆ ಒಂದು ಜಲಪಾತ ಹರಿಸುವುದು. ನಮ್ಮ ಒಣ ತಾಲ್ಲೂಕಿನ ಅಷ್ಟೂ ಹೆಣಗಳ ಹಿಂದೆ ಜಲಪಾತ.

ಕೊನೆಗೆ ಕಣ್ಣು. ಗಂಡಸರಿಗೆ ಒಂದು ಜೋಡಿ, ಹೆಂಗಸರಿಗೆ ಒಂದು ಜೋಡಿ.

"ಎರಡ ಜೋಡಿನಾ ಸರ?"

"ಮತ್ತೆಷ್ಟು ಬೇಕು? ಇರೋವು ಎರಡ ಜಾತಿ."

"ಎಲ್ಲಾರೂ ಒಂದ ಥರ ನೋಡ್ತಾರಲ್ಲ."

"ಯಾರರ ಬಂದು ಕಂಪ್ಲೇಂಟ್ ಕೊಟ್ಟಾರೇನು? ಸತ್ತೋರು?" ಅಂದು ನಕ್ಕರು. "ಕುಂದ್ರಿ ವಕೀಲ್ರ. ಮೊದಲು ಕತ್ತರಸೋದು ಕಲೀರಿ. ಬರಿಯೋದು ಆಮ್ಯಾಲೆ."

ಅವತ್ತಿನಿಂದ ನನ್ನ ಹೆಸರು ವಕೀಲ್ರ ಆಯಿತು. ಒಂದು ತಿಂಗಳು ಕತ್ತರಿಸಿದೆ. ಬೇಕಾದ ಭಾಗದ ಸುತ್ತ ಚುಕ್ಕೆಯ ಗೆರೆ ಎಳೆಯುವುದು, ಅಂಚು ಮೆತ್ತಗೆ ಮಾಡುವುದು, ಇನ್ನೊಂದು ಮುಖಕ್ಕೆ ತಂದು ಕೂರಿಸುವುದು, ಬಣ್ಣ ಹೊಂದಿಸುವುದು. ತಪ್ಪಿದರೆ ಎರಡು ಕೀ ಒತ್ತಿದರೆ ಆಯಿತು, ತಪ್ಪು ಆಗಿರಲೇ ಇಲ್ಲ. ವೇದಿಕೆಯ ಮೇಲೆ ಆಡಿದ ಮಾತನ್ನು ಹೀಗೆ ವಾಪಸ್ಸು ತೆಗೆದುಕೊಳ್ಳುವಂತಿದ್ದರೆ ನಾನು ಇನ್ನೂ ಎಷ್ಟು ಕಪ್ಪು ಗೆಲ್ಲುತ್ತಿದ್ದೆನೋ. ಇಷ್ಟು ಸುಲಭವಾಗಿ ಅಳಿಸಲು ಬರುವ ಕೆಲಸದಲ್ಲಿ ಯಾರೂ ಜವಾಬ್ದಾರಿಯಿಂದ ಗೆರೆ ಎಳೆಯುವುದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಅಷ್ಟರಲ್ಲಿ ಆ ಕ್ಯಾಲೆಂಡರ್ ಹುಡುಗಿಯ ಕಣ್ಣನ್ನು ಐದಾರು ಮುದುಕಿಯರಿಗೆ ಕೂರಿಸಿ ಮುಗಿಸಿದ್ದೆ, ಆ ಮಾತು ಬೇರೆ.

ಒಂದು ದಿನ ಮಧ್ಯಾಹ್ನ ತಂಬ್ರಹಳ್ಳಿಯಿಂದ ಒಬ್ಬರು ಬಂದರು. ಐವತ್ತರ ಹತ್ತಿರದವರು, ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಅವರ ತಾಯಿ ತೀರಿಕೊಂಡು ವರ್ಷ ತುಂಬುತ್ತಿತ್ತು. ಬರುವ ಸೋಮವಾರ ವರ್ಷದ ಕಾರ್ಯ, ಅಷ್ಟರೊಳಗೆ ಕಟ್ಟು ಹಾಕಿದ ಫೋಟೊ ಬೇಕು. ಮೊಬೈಲಿನಲ್ಲಿ ತೋರಿಸಿದರು. ಗೋಡೆಗೆ ಒರಗಿದ, ಒಣಗಿದ ಮುಖದ, ಕಣ್ಣು ಮುಚ್ಚಿದ ಮುದುಕಿ.

"ಎರಡೂ ಕಣ್ಣು ಚೊಲೋ ಬರಂಗ ಮಾಡ್ರಿ," ಅಂದರು. ಎರಡೂ ಅನ್ನುವ ಪದದ ಮೇಲೆ ಸ್ವಲ್ಪ ಭಾರ ಹಾಕಿದ್ದು ನನಗೆ ಆಗ ಕೇಳಿಸಲಿಲ್ಲ. ಮಾತಿನ ಕೂದಲು ಸೀಳುವವಳು ಅಂತ ಹೆಸರು ತೆಗೆದುಕೊಂಡಿದ್ದೆ.

ಮಾಲೀಕರು ಫ್ಲೆಕ್ಸು ಕಟ್ಟಿಸಲು ಹೊರಟಿದ್ದರು. "ವಕೀಲ್ರ, ನೀವ ಮಾಡ್ರಿ ಇದನ್ನ" ಅಂದು ಹೋದರು. ಅರ್ಧ ಗಂಟೆಯಲ್ಲಿ ಮಾಡಿದೆ. ಮರುದಿನ ಅವರು ನೋಡಲು ಬಂದಾಗ ಜೊತೆಗೆ ತಂಗಿಯೂ ಇದ್ದರು. ಹಲವಾಗಲಿಗೆ ಕೊಟ್ಟ ಹೆಣ್ಣುಮಗಳು, ಕಾರ್ಯಕ್ಕೆಂದು ನಾಲ್ಕು ದಿನ ಮುಂಚೆಯೇ ತವರಿಗೆ ಬಂದಿದ್ದರು. ಪರದೆಯ ಮುಂದೆ ಬಗ್ಗಿ ನೋಡಿದರು.

"ಇದ್ಯಾರು?"

"ಅವ್ವ ಅಲ್ಲೇನು," ಅಂದರು ಅಣ್ಣ.

"ಯಾರ ಅವ್ವ? ನಿನ್ನ ಅವ್ವ ಇರಬೇಕು. ನಮ್ಮವ್ವ ಅಲ್ಲ."

"ಹುಚ್ಚಿಯಂಗ ಮಾತಾಡಬ್ಯಾಡ. ಕಣ್ಣು ಮುಚ್ಚಿತ್ತು, ತೆರಸ್ಯಾರ."

"ಯಾರ ಕಣ್ಣು ತಂದು ತೆರಸ್ಯಾರ? ನಮ್ಮವ್ವನ ಎಡಗಣ್ಣಾಗ ಹೂ ಬಿದ್ದಿತ್ತು. ಕರೀ ಗುಡ್ಡಿ ಮ್ಯಾಲೆ ಬೆಳ್ಳಗ. ಊರಿಗೆಲ್ಲಾ ಗೊತ್ತೈತಿ. ನಿನಗ ಗೊತ್ತಿಲ್ಲೇನು?"

ಅಣ್ಣ ನನ್ನ ಕಡೆ ನೋಡಿ ದನಿ ಇಳಿಸಿದರು. "ಮನ್ಯಾಗ ಮಗಳು ಮದುವಿಗೆ ಬಂದಾಳ. ನೋಡಾಕ ಬರೋರು ಪಡಸಾಲ್ಯಾಗ ಕುಂತು ಮೊದಲು ಗೋಡಿ ನೋಡ್ತಾರ. ಅಜ್ಜಿ ಕಣ್ಣು ಹಿಂಗಿತ್ತು ಅಂದ್ರ ವಂಶದಾಗ ಐತಿ ಅಂತಾರ. ಯಾಕ ಬೇಕು?"

"ಹಂಗಾರ ಸತ್ತ ಮ್ಯಾಲೂ ಅವ್ವ ನಿನ್ನ ಮಗಳ ಮದುವಿ ಮಾಡಿಸಬೇಕಾತೇನು?" ತಂಗಿಯ ದನಿ ಒಡೆದಿತ್ತು. "ಆಕಿ ಹೋಗೋ ಮುಂದ ನಾ ಬರೋದ್ರಾಗ ಕಣ್ಣು ಮುಚ್ಚಿದ್ಲು. ಈಗ ಗೋಡಿ ಮ್ಯಾಲೂ ಆಕಿ ನನ್ನ ನೋಡಂಗಿಲ್ಲ. ಯಾವಾಕಿನೋ ನೋಡ್ತಾಳ."

ಇಲ್ಲಿ ನಾನು ಬಾಯಿ ಹಾಕಿದೆ. ಯಾರೂ ಕೇಳಿರಲಿಲ್ಲ. ಎದುರಿಗೆ ಇಬ್ಬರು ನಿಂತು ವಾದ ಮಾಡುತ್ತಿದ್ದರೆ ಸುಮ್ಮನೆ ಕೂರುವ ಶಕ್ತಿ ನನಗಿಲ್ಲ.

"ಅಣ್ಣಾರ, ಒಂದು ಮಾತು. ಬರೋರಿಗೆ ಸುಳ್ಳು ಫೋಟೊ ತೋರಸ್ತೀರಿ. ಊರಾಗ ಯಾರನ್ನ ಕೇಳಿದರೂ ಅಜ್ಜಿ ಕಣ್ಣಿನ ಸುದ್ದಿ ಹೇಳ್ತಾರ. ಆಗ ಕಣ್ಣಿನ ಮಾತೂ ಬಂತು, ಮುಚ್ಚಿಟ್ಟಾರ ಅನ್ನೋ ಮಾತೂ ಬಂತು. ಎರಡು ನಷ್ಟ. ಖರೇ ಇಟ್ರ ಒಂದ."

ಅವರು ಜೇಬಿನ ಪೆನ್ನು ಮುಟ್ಟಿಕೊಂಡರು. ಎದುರಾಳಿ ಹೀಗೆ ಜೇಬು, ಗುಂಡಿ, ವಾಚು ಮುಟ್ಟಿಕೊಳ್ಳುವ ಗಳಿಗೆ ನನಗೆ ಬಲು ಪರಿಚಿತ. ಅಲ್ಲಿ ನಿಲ್ಲಿಸುವುದು ಸಭ್ಯತೆ. ನಾನು ನಿಲ್ಲಿಸಲಿಲ್ಲ. "ಅಕ್ಕಾರ, ನಿಮ್ಮವ್ವನ ಕಣ್ಣು ನಾನು ಅಂಟಸಂಗಿಲ್ಲ, ಬರೀತೀನಿ. ಹೂ ಬಿದ್ದ ಕಣ್ಣು ಹೂ ಬಿದ್ದಂಗ. ಶನಿವಾರ ಬರ್ರಿ," ಅಂದೆ. ಅಣ್ಣ "ಏನರ ಮಾಡ್ಕೊಳ್ರಿ" ಅನ್ನುವ ಮುಖ ಮಾಡಿ ಮೆಟ್ಟಿಲಿಳಿದರು. ತಂಗಿ ಏನೋ ಹೇಳಲು ಬಾಯಿ ತೆರೆದರು. ಅವರೂ ನನ್ನ ಪಕ್ಷದವರೇ ಅಂದುಕೊಂಡಿದ್ದೆನಲ್ಲ, ಕೇಳಿಸಿಕೊಳ್ಳುವ ಅಗತ್ಯ ಕಾಣಲಿಲ್ಲ.

ಎರಡು ದಿನ ಬರೆದೆ. ಮಾಲೀಕರ ಕ್ಯಾಲೆಂಡರ್ ಕಣ್ಣು ಕಿತ್ತೆಸೆದು, ಹಲಗೆಯ ಮೇಲೆ ಪೆನ್ನು ಹಿಡಿದು, ಮೊದಲ ಗೆರೆಯಿಂದ. ಕೈ ಹಲಗೆಯ ಮೇಲೆ, ನೋಟ ಪರದೆಯ ಮೇಲೆ, ಎರಡಕ್ಕೂ ನಡುವೆ ಒಂದು ಗೇಣು ಅಂತರ. ತನ್ನ ಕೈ ತಾನು ನೋಡದೆ ಬರೆಯುವುದು ಎಂಥ ಕರ್ಮ ಅಂತ ಆ ಹಾಯ್ ಫ್ರೆಂಡ್ಸ್ ಮಹಾಶಯ ಹೇಳಿರಲಿಲ್ಲ. ರೆಪ್ಪೆ ಎಳೆದರೆ ಮೀಸೆಯಂತೆ ಕಂಡಿತು. ಬಲಗಣ್ಣಿಗೇ ಒಂದು ದಿನ ಹೋಯಿತು. ನಮ್ಮ ಓಣಿಯಲ್ಲಿ ಕಣ್ಣಿಗೆ ಹೂ ಬಿದ್ದ ಒಬ್ಬ ಅಜ್ಜ ಇದ್ದಾರೆ, ಹೋಗಿ ಎದುರಿಗೆ ಕೂತು ನೋಡಿದೆ. ಅದು ಬರೀ ಬಿಳಿಯಲ್ಲ, ನೀಲಿ ಬೆರೆತ ಬಿಳಿ, ನಡುವೆ ಗಟ್ಟಿ, ಅಂಚಿನಲ್ಲಿ ಹೊಗೆ. "ಏನ ನೋಡ್ತೀಯೇ ಹಂಗ, ನನಗ ಕನ್ಯಾ ತಂದೀಯೇನು?" ಅಂದರು ಅಜ್ಜ. ಬ್ರಷ್ಷನ್ನು ಅತಿ ತೆಳು ಮಾಡಿ, ಒಂದರ ಮೇಲೊಂದು ನಲವತ್ತು ಸಲ ಸವರಿ, ಆ ಹೊಗೆ ಬರಿಸಿದೆ.

ಮಾಲೀಕರು ಹಿಂದೆ ನಿಂತು ಚಹಾ ಕುಡಿಯುತ್ತ ನೋಡಿದರು. "ವಕೀಲ್ರ, ಜನ ಕುರುಡು ಕಣ್ಣು ತಂದು ಚೊಲೋ ಕಣ್ಣು ಒಯ್ತಾರ. ಚೊಲೋ ಕಣ್ಣು ತೆಗೆದು ಕುರುಡು ಹಾಕಿದ ಸ್ಟುಡಿಯೊ ನಂದ ಮೊದಲು."

"ಇದು ಖರೇ ಐತಿ ಸರ."

"ಖರೇ ಯಾರು ಕೇಳ್ಯಾರ?"

ಇಂಥ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಘನತೆಗೆ ಕಡಿಮೆ ಅಂತ ಬಿಟ್ಟೆ. ಆತ ಫ್ಲೆಕ್ಸಿನಲ್ಲಿ ಎರಡನೇ ತರಗತಿ ಹುಡುಗನಿಗೆ ಸಿಂಹಾಸನ ಹಾಕಿಕೊಡುವ ಮನುಷ್ಯ.

ಶನಿವಾರ ಅಣ್ಣ ತಂಗಿ ಬಂದರು. ಪರದೆ ಅವರ ಕಡೆ ತಿರುಗಿಸಿದೆ. ನಾನು ಮೊದಲ ಸಲ ನಿಜವಾಗಿ ಬರೆದದ್ದು ಅದು. ಚಪ್ಪಾಳೆಗೆ ಕಾಯುವವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ.

ತಂಗಿ ನೋಡಿದರು. "ನಮ್ಮವ್ವ," ಅಂದರು, ಉಸಿರಿನಲ್ಲಿ. ಮರುಗಳಿಗೆ ಕೈ ಚಾಚಿ ಪರದೆಯ ಮೇಲೆ ಅಂಗೈ ಇಟ್ಟು ಆ ಎಡಗಣ್ಣು ಮುಚ್ಚಿದರು.

"ಯಾಕ ಅಕ್ಕಾರ? ತಪ್ಪಾತೇನು?"

"ತಪ್ಪಿಲ್ಲವ್ವಾ. ಹಿಂಗ ಇತ್ತು. ಆದರ ಆಕಿ ಇದನ್ನ ಯಾರಿಗೂ ತೋರಸ್ತಿದ್ದಿಲ್ಲ. ನಮ್ಮಪ್ಪಗ ಕೂಡ. ಈಗ ಸೋಮವಾರ ನೂರು ಮಂದಿ ಬಂದು ಊಟ ಮಾಡಿ ಇದನ್ನ ನೋಡಿ ಹೋಗ್ತಾರ."

"ಕಣ್ಣಾಗ ಹೂ ಐತಿ ಅಂತ ನೀವ ಹೇಳಿದ್ರಿ."

"ಐತಿ ಅಂದೆ. ತೋರ್ಸು ಅಂದೆನಾ?"

ಉತ್ತರ ಹುಡುಕಿದೆ. ಸತ್ಯ ಅನ್ನುವ ಪದದ ಸುತ್ತ ನಾಲ್ಕು ವಾಕ್ಯ ನಾಲಿಗೆಗೆ ಬಂದವು, ಎಲ್ಲವೂ ಕೊಟ್ಟೂರಿನ ಕಾಲೇಜಿನ ಮೈಕಿನ ಮುಂದೆ ಆಡಿದ್ದವೇ. ಇರುವುದಕ್ಕೂ ತೋರಿಸುವುದಕ್ಕೂ ನಡುವೆ ಇಷ್ಟು ದೊಡ್ಡ ಜಾಗ ಇದೆ ಅಂತ ಆ ವೇದಿಕೆಗಳಲ್ಲಿ ಯಾರೂ ಎದುರು ವಾದಿಸಿರಲಿಲ್ಲ. ಅಣ್ಣನಿಗೆ ಹೆಣ್ಣು ನೋಡಲು ಬರುವವರ ಚಿಂತೆ, ನನಗೆ ನನ್ನ ಗೆಲುವಿನ ಚಿಂತೆ. ಆ ಮುದುಕಿಯ ಲಜ್ಜೆಯನ್ನು ಇಬ್ಬರಲ್ಲಿ ಒಬ್ಬರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಣ್ಣನನ್ನು ಮೂರು ದಿನದಿಂದ ಕೀಳಾಗಿ ಕಂಡಿದ್ದೆ. ಅದೇ ಅಳತೆಯಲ್ಲಿ ನನ್ನನ್ನೂ ಅಳೆದುಕೊಳ್ಳಬೇಕಾಯಿತು, ಇಷ್ಟವಿಲ್ಲದಿದ್ದರೂ.

"ನಾ ಹೇಳ್ಲಿಲ್ಲೇನು," ಅಂದರು ಅಣ್ಣ, ಹಿಗ್ಗಿ. "ಮೊದಲಿನ ಕಣ್ಣ ಹಾಕ್ರಿ."

"ನೀ ಸುಮ್ನಿರಪಾ. ಆ ಕ್ಯಾಲೆಂಡರದಾಕಿ ಬಂದ್ರ ನಾ ಸೋಮವಾರ ಮನ್ಯಾಗ ಕಾಲಿಡಂಗಿಲ್ಲ," ಅಂದರು ತಂಗಿ. ಅಂದ ರೀತಿಯಲ್ಲಿ ಹೆದರಿಕೆ ಹಾಕುವ ಸದ್ದೇ ಇರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಅಂತ ಹೇಳಿದ ಹಾಗೆ ಹೇಳಿದರು.

ನಾನು ಕೇಳಿದೆ, ಈ ಸಲ ಕೇಳಿಸಿಕೊಳ್ಳಲಿಕ್ಕೇ. "ಅಕ್ಕಾರ, ಅವ್ವ ಹೆಂಗ ಮುಚ್ಚಿಕೊಂತಿದ್ರು?"

ಅವರು ಸ್ಟೂಲಿನ ಮೇಲೆ ಕೂತರು. ತಲೆ ಮೇಲಿನ ಸೆರಗನ್ನು ಎಡಕ್ಕೆ ಒಂದಿಷ್ಟು ಮುಂದೆ ಎಳೆದು, ಅದರ ಅಂಚನ್ನು ಎರಡು ಬೆರಳಲ್ಲಿ ಕೆನ್ನೆಯ ಹತ್ತಿರ ಹಿಡಿದು, ಮುಖವನ್ನು ಕೂದಲೆಳೆಯಷ್ಟು ಆ ಕಡೆ ವಾಲಿಸಿದರು. ಒಂದೇ ಕಣ್ಣು ಕಂಡಿತು. ಅಣ್ಣ "ಅವ್ವಾ" ಅಂದುಬಿಟ್ಟರು, ಅವರಿಗೇ ತಿಳಿಯದೆ.

"ಹಂಗ ಕುಂದ್ರಿ," ಅಂದೆ. ಹಲಗೆ ಎಳೆದುಕೊಂಡೆ.

ಈ ಸಾಫ್ಟ್‌ವೇರಿನಲ್ಲಿ ಚಿತ್ರವನ್ನು ಪದರ ಪದರವಾಗಿ ಬರೆಯಬಹುದು, ಗಾಜಿನ ಹಾಳೆ ಒಂದರ ಮೇಲೊಂದು ಇಟ್ಟ ಹಾಗೆ. ಕೆಳಗಿನದನ್ನು ಅಳಿಸದೆ ಮೇಲೆ ಬೇರೆ ಬರೆಯಬಹುದು. ಮುಖದ ಮೇಲೆ ಹೊಸ ಪದರ ತೆಗೆದು ಸೆರಗು ಬರೆದೆ. ಬಟ್ಟೆ ಬರೆಯುವುದು ಕಣ್ಣಿಗಿಂತ ಕಷ್ಟ. ಎಲ್ಲಿ ಬೆರಳು ಹಿಡಿದಿದೆಯೋ ಅಲ್ಲಿಂದ ನಿರಿಗೆ ಹುಟ್ಟಬೇಕು, ಇಲ್ಲದಿದ್ದರೆ ಗೋಣಿಚೀಲ ಹೊದಿಸಿದಂತೆ ಕಾಣುತ್ತದೆ. ನನ್ನದು ಮೊದಲು ಗೋಣಿಚೀಲವೇ ಆಯಿತು. ಮಾಲೀಕರು "ನನ್ನ ಹತ್ರ ಸೆರಗಿಲ್ಲ ನೋಡ್ರಿ, ಕತ್ತರಿಸಿಟ್ಟದ್ರಾಗ" ಅಂತ ಒಪ್ಪಿಕೊಂಡರು. ಆತನ ಬಾಯಿಂದ ಒಂದು ವಸ್ತು ಇಲ್ಲ ಅಂತ ಕೇಳಿದ್ದು ಅದೇ ಮೊದಲು.

"ಇನ್ನೊಂದೀಟು ಮುಂದ," ಅನ್ನುತ್ತಿದ್ದರು ತಂಗಿ, ಕೂತಲ್ಲಿಂದಲೇ ಪರದೆ ನೋಡುತ್ತ. "ಅಷ್ಟಲ್ಲ. ಅಷ್ಟಾದ್ರ ಸಿಟ್ಟು ಮಾಡ್ಯಾಳ ಅಂದಂಗಾತು. ಹಾಂ. ಅಲ್ಲಿ."

ಸಂಜೆ ಬಸ್ಸಿನ ಹೊತ್ತಿಗೆ ಮುಗಿಯಿತು. ಕೆಂಪು ಅಂಚಿನ ಸೆರಗಿನ ಪಕ್ಕದಿಂದ ಒಂದು ಕಣ್ಣು ನೋಡುತ್ತಿತ್ತು. ಯಾರ ಕ್ಯಾಲೆಂಡರಿನದೂ ಅಲ್ಲ. ಸ್ವಲ್ಪ ಓರೆ, ರೆಪ್ಪೆ ಇನ್ನೂ ತುಸು ದಪ್ಪ, ಕಲಿಯುವವಳ ಕೈ ಅಂತ ಯಾರಿಗಾದರೂ ತಿಳಿಯುತ್ತದೆ. ಅಣ್ಣ ಬಗ್ಗಿ ನೋಡಿ, ಬರುವವರಿಗೆ ಏನೂ ಕಾಣುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು, "ನಾನೂ ಇದನ್ನ ಅಂದಿದ್ದು" ಅಂದರು. ಅನ್ನಲಿ. ಕಟ್ಟು ಹಾಕುವವರ ಅಂಗಡಿ ಮುಚ್ಚೀತೆಂದು, ಕಾಯಲು ಹೇಳಿಬರಲು ಮುಂದೆ ಹೋದರು.

ತಂಗಿ ಉಳಿದರು. ಸ್ಟೂಲಿನಿಂದ ಎದ್ದಿರಲಿಲ್ಲ.

"ಸೆರಗಿನ ಕೆಳಗ ಅದು ಐತೇನವ್ವಾ? ಆ ಕಣ್ಣು?"

"ಐತಿ ಅಕ್ಕಾರ. ಬ್ಯಾಡಂದ್ರ ಅಳಿಸಿಬಿಡ್ತೀನಿ. ಪ್ರಿಂಟಿನಾಗ ಏನ ಇದ್ರೂ ಬರಂಗಿಲ್ಲ."

"ಅಳಸಬ್ಯಾಡ." ಬಾಗಿಲ ಕಡೆ ಒಮ್ಮೆ ನೋಡಿದರು. ಅಣ್ಣ ಬೀದಿಯ ಆಚೆ ದಾಟಿದ್ದರು, ಮಾಲೀಕರು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದರು. "ಒಮ್ಮಿ ಸೆರಗು ತೆಗಿ."

ಪದರ ಸರಿಸಿದೆ. ಅವರು ಮುಟ್ಟಲಿಲ್ಲ, ಅಳಲಿಲ್ಲ. ಆ ಹೊಗೆ ತುಂಬಿದ ಕಣ್ಣನ್ನು ಎದುರಿಗೆ ಕೂತು ನೋಡಿದರು, ತಾಯಿಯ ಮುಂದೆ ಕೂತ ಹಾಗೆ, ತನ್ನ ಸೆರಗನ್ನು ಹೆಗಲಿಗೆ ಇಳಿಸಿಕೊಂಡು.

"ಸಾಕು," ಅಂದರು. "ಮುಚ್ಚು."

ಮುಚ್ಚಿ, ಪ್ರಿಂಟ್ ಕೊಟ್ಟೆ.